ಫಿಲೊಮೆನಾಳ ಸೂಟಿಗಳು

ಫಿಲೊಮೆನಾಳ ಮನೆಯಲ್ಲಿ ಬಟ್ಟೆ ಒಗೆಯಬೇಕಾದರೆ ಇಟಲಿ ಸರಕಾರದ ಒಪ್ಪಿಗೆ ಬೇಕಿತ್ತು.

ಕೆನಡಾದ ವುಡ್‌ಬ್ರಿಡ್ಜಿನಲ್ಲಿ ಇಟಲಿಯವರೇ ಹೆಚ್ಚಿದ್ದ ಓಣಿಯ ಆ ಮನೆಯ ಬೇಸ್‌ಮೆಂಟಿನಲ್ಲಿ ಸೌಮ್ಯಾ ಬಾಡಿಗೆಗಿದ್ದಳು. ಮೇಲೆ ಮನೆಯೊಡತಿ ಫಿಲೊಮೆನಾ, ಎಪ್ಪತ್ತು ದಾಟಿದ ವಿಧವೆ, ಗಂಡ ಸತ್ತಾಗಿನಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಡದವಳು. ವಾಷಿಂಗ್ ಮಷಿನ್ ಎರಡೂ ಮನೆಗೆ ಸೇರಿ ಒಂದೇ. ಅದರ ಮೇಲಿನ ಗೋಡೆಗೆ ಇಟಾಲಿಯನ್ ಕಸಾಯಿ ಅಂಗಡಿಯವರು ಹಂಚಿದ ಕ್ಯಾಲೆಂಡರ್. ಅದರಲ್ಲಿ ಇಟಲಿಯ ರಜೆಗಳೆಲ್ಲ ಕೆಂಪಂಕಿ. ಕೆಂಪಂಕಿಯ ದಿನ ಮಷಿನ್ ತಿರುಗಕೂಡದು, ಮೊಳೆ ಹೊಡೆಯಕೂಡದು, ಹುಲ್ಲು ಕತ್ತರಿಸಕೂಡದು. ಕೆನಡಾದ ರಜೆಗಳಿಗೆ ಮಾತ್ರ ಆಕೆ ಕವಡೆ ಕಿಮ್ಮತ್ತು ಕೊಡುತ್ತಿರಲಿಲ್ಲ. ಜುಲೈ ಒಂದರ ಕೆನಡಾ ದಿನದಂದು ಊರೆಲ್ಲ ಪಟಾಕಿಗೆ ಸಜ್ಜಾಗುತ್ತಿದ್ದರೆ ಆಕೆ ಹಿತ್ತಲಲ್ಲಿ ಟೊಮೆಟೊ ಗಿಡಕ್ಕೆ ಗೂಟ ನೆಡುತ್ತಿದ್ದಳು. ಯಾರಾದರೂ ಕೇಳಿದರೆ, "ದಟ್ ಈಸ್ ಫಾರ್ ದೆಮ್" ಎನ್ನುತ್ತಿದ್ದಳು. ಆಕೆ ಕೆನಡಾಕ್ಕೆ ಬಂದು ನಲವತ್ತು ವರ್ಷ ಮೇಲಾಗಿತ್ತು.

ಸೌಮ್ಯಾಳ ಗಂಡ ಬಸವೇಶ ತೀರಿಕೊಂಡದ್ದು ನವೆಂಬರದಲ್ಲಿ. 2006ರ ಏಪ್ರಿಲ್ ಕೊನೆಗೆ ಅತ್ತೆ ಗುರುಬಸವ್ವ, ಮಾವ ದಾನಪ್ಪ ಧಾರವಾಡದಿಂದ ಬಂದಿಳಿದರು. ಬಂದ ಕೆಲಸ ಸ್ಪಷ್ಟವಿತ್ತು. ಸೊಸೆಯನ್ನೂ ಆರು ವರ್ಷದ ಮೊಮ್ಮಗಳು ನೀರಜಾಳನ್ನೂ ಆಗಸ್ಟ್ ಮುಗಿಯುವುದರೊಳಗೆ ಊರಿಗೆ ಕರೆದೊಯ್ಯುವುದು. ಧಾರವಾಡದ ಮನೆಯ ಮಾಳಿಗೆ ಕೋಣೆಗೆ ಬಣ್ಣ ಹೊಡೆಸಿಯಾಗಿತ್ತು. ಹುಡುಗಿಗೆ ಶಾಲೆಯಲ್ಲಿ ಹೇಳಿಟ್ಟಾಗಿತ್ತು. ಸೌಮ್ಯಾಳನ್ನು ಕೇಳುವುದೊಂದು ಬಾಕಿ ಇತ್ತು. ಅದು ಕೇಳಬೇಕಾದ ಮಾತೆಂದು ಯಾರಿಗೂ ಹೊಳೆದಿರಲಿಲ್ಲ.

ಸೌಮ್ಯಾಳಿಗೆ ಹೋಗುವ ಮನಸ್ಸಿರಲಿಲ್ಲ. ಹತ್ತಿರದ ಟೈಲ್ಸ್ ಗೋದಾಮಿನ ಆಫೀಸಿನಲ್ಲಿ ಕೆಲಸವಿತ್ತು, ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರವಿತ್ತು, ಬಸವೇಶ ಓಡಾಡಿದ ಓಣಿ ಇದೇ ಆಗಿತ್ತು. ಆದರೆ ಅದನ್ನು ಹೇಳಲು ಬಾಯಿ ಬರಲಿಲ್ಲ. ನವೆಂಬರದಿಂದ ಈಚೆಗೆ ಆಕೆ ಅಂಗಡಿಯಲ್ಲಿ ಹಾಲು ಕೇಳುವುದಕ್ಕೂ ಬೆರಳು ತೋರಿಸುತ್ತಿದ್ದಳು.

ಬಂದ ಮರುದಿನವೇ ಗುರುಬಸವ್ವ ಪ್ರಯಾಣದ ಬಟ್ಟೆ ಹೊತ್ತು ಮಷಿನ್ ಹತ್ತಿರ ಹೋದಳು. ಮೆಟ್ಟಿಲ ಮೇಲೆ ಕಪ್ಪು ಬಟ್ಟೆಯ ಫಿಲೊಮೆನಾ ಪ್ರತ್ಯಕ್ಷಳಾಗಿ ಕ್ಯಾಲೆಂಡರಿನತ್ತ ಬೆರಳು ಮಾಡಿ ನಿಂತಳು.

"ಏನಂತೈತಿ ಈ ಕರೀ ಸೀರಿ?" ಎಂದಳು ಗುರುಬಸವ್ವ.

"ಸೀರಿ ಅಲ್ರಿ ಅತ್ತಿ, ಗೌನು. ಇವತ್ತ ಅವರ ಸೂಟಿ ಐತಿ. ಏಪ್ರಿಲ್ ಇಪ್ಪತ್ತೈದು, ಲಿಬರೇಶನ್ ಡೇ. ಇವತ್ತ ಒಗಿಯೂ ಹಂಗಿಲ್ಲ."

"ಯಾರ ಸೂಟಿ? ಕೆನಡಾದವರದ?"

"ಇಟಲಿದ್ರಿ."

"ನಾವು ಇಳದದ್ದು ಕೆನಡಾದಾಗೋ ಇಟಲ್ಯಾಗೋ?"

ದಾನಪ್ಪ ಸೋಫಾದ ಮೇಲೆ ನೆಟ್ಟಗೆ ಕೂತರು. ಅವರು ನವಲಗುಂದದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂತೆಂದರೆ ಊರಿನ ಅರ್ಧದಷ್ಟು ಧ್ವಜಗಳಿಗೆ ಅವರೇ ಗಂಟು ಹಾಕಬೇಕಿತ್ತು. ಒಮ್ಮೆ ಬೇರೆ ಯಾರೋ ಹಾಕಿದ ಗಂಟು ಬಿಚ್ಚದೆ, ತಹಶೀಲ್ದಾರರು ಜಗ್ಗಿದ ರಭಸಕ್ಕೆ ಧ್ವಜದ ಕಂಬವೇ ಶಾಮಿಯಾನದ ಮೇಲೆ ಒರಗಿತ್ತು. ಅಂದಿನಿಂದ ಆ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟವರಲ್ಲ.

"ಲಿಬರೇಶನ್ ಅಂದ್ರ ವಿಮೋಚನಾ," ಎಂದರು. "ಸರಕಾರಿ ಸೂಟಿ. ಗುರುಬಸವ್ವಾ, ಆ ಅರಬಿ ತಗದು ಬಾಜೂಕ ಇಡು."

"ನಾಳೆ ಉಡಾಕ ಏನೈತಿ?"

"ದೇಶದ ಕೆಲಸ ಇದ್ದಾಗ ಅರಬಿ ಲೆಕ್ಕ ಹಾಕಬಾರದು."

"ಯಾವ ದೇಶದ್ದರಿ?"

ದಾನಪ್ಪ ಎದ್ದು ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ಸರಕಾರಿ ಸೂಟಿಯನ್ನು ಇಷ್ಟು ಶಿಸ್ತಿನಿಂದ ಪಾಲಿಸುವ ಮನೆಯನ್ನು ಅವರು ಧಾರವಾಡ ಜಿಲ್ಲೆಯಲ್ಲೇ ಕಂಡಿರಲಿಲ್ಲ.

ಮೇ ತಿಂಗಳಲ್ಲಿ ಗುರುಬಸವ್ವ ಗಂಟುಮೂಟೆ ಕಟ್ಟಲು ಶುರು ಮಾಡಿದಳು. ಬಾಯಿಂದ ಏನೂ ಹೇಳಲಿಲ್ಲ. ಸೌಮ್ಯಾ ಕೆಲಸದಿಂದ ಬಂದಾಗ ಅಡುಗೆಮನೆಯಲ್ಲಿ ಒಂದೊಂದೇ ಸಾಮಾನು ಕಡಿಮೆಯಾಗಿರುತ್ತಿತ್ತು. ಮೊದಲು ಕುಕ್ಕರ್ ಹೋಯಿತು. ಆಮೇಲೆ ರೊಟ್ಟಿ ಹಂಚು. ಆಮೇಲೆ ಸಾಸಿವೆ ಡಬ್ಬಿ, ಸಾಸಿವೆ ಸಮೇತ. ಎಲ್ಲ ಮಂಚದ ಕೆಳಗಿನ ದೊಡ್ಡ ಸೂಟ್‌ಕೇಸಿನಲ್ಲಿ.

"ಅತ್ತಿ, ಲಟ್ಟಣಗಿ ಎಲ್ಲೈತ್ರಿ?"

"ಅದು ಹೊಂಟ ನಿಂತೈತಿ."

"ಇನ್ನ ಮೂರು ತಿಂಗಳ ಐತೆಲ್ರಿ. ಚಪಾತಿ?"

"ಬಾಟ್ಲಿ ಐತೆಲ್ಲ."

ಸೌಮ್ಯಾ ಆಲಿವ್ ಎಣ್ಣೆಯ ಖಾಲಿ ಬಾಟಲಿ ತೊಳೆದು ಅದರಲ್ಲೇ ಲಟ್ಟಿಸಿದಳು. ಬಾಟಲಿಯ ಮೇಲಿನ ಉಬ್ಬು ಅಕ್ಷರಗಳು ಚಪಾತಿಯ ಮೇಲೆ ಮೂಡಿದವು. ನೀರಜಾ ಊಟಕ್ಕೆ ಕೂತಾಗಲೆಲ್ಲ ಚಪಾತಿಯನ್ನು ಓದಿ ಹೇಳುತ್ತಿದ್ದಳು. ಫಿಲೊಮೆನಾ ಒಂದು ದಿನ ಮೆಟ್ಟಿಲ ಮೇಲಿನಿಂದ ಇದನ್ನು ಕಂಡು ಎದೆಗೆ ಕೈ ಇಟ್ಟುಕೊಂಡಳು. ಒಳಗೆ ಹೋಗಿ ತಾನು ಪಾಸ್ತಾ ಲಟ್ಟಿಸುವ ಕೋಲು ತಂದುಕೊಟ್ಟಳು. ಅದು ಒನಕೆಯಷ್ಟು ಉದ್ದವಿತ್ತು. ಅಡುಗೆಮನೆಯಲ್ಲಿ ಅದನ್ನು ಹಿಡಿದು ತಿರುಗಬೇಕಾದರೆ ಉಳಿದವರು ತಲೆ ತಗ್ಗಿಸಬೇಕಿತ್ತು.

ದಾನಪ್ಪ ಬಾಗಿಲ ಹತ್ತಿರ ಕೂತು ಬಸವೇಶನ ಬೂಟುಗಳಿಗೆ ಪಾಲಿಶ್ ಹಾಕುತ್ತಿದ್ದರು. ವಾರಕ್ಕೊಮ್ಮೆ ಹಾಕುತ್ತಿದ್ದರು.

ಜೂನ್ ಎರಡು ಬಂತು. ಬೆಳಿಗ್ಗೆಯೇ ಫಿಲೊಮೆನಾ ಮುಂಬಾಗಿಲ ಕಟ್ಟೆಯ ಮೇಲೆ ಹಸಿರು, ಬಿಳಿ, ಕೆಂಪು ಧ್ವಜ ಸಿಕ್ಕಿಸಿದಳು. ಇಟಲಿಯ ಗಣರಾಜ್ಯ ದಿನವೆಂದು ಸೌಮ್ಯಾ ಹೇಳಿದ್ದೇ ತಡ, ದಾನಪ್ಪ ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಕ್ಯಾನ್ವಾಸ್ ಬೂಟು ತೊಟ್ಟು ಹೊರಗೆ ಹೋಗಿ ಧ್ವಜಕ್ಕೆ ಸೆಲ್ಯೂಟ್ ಹೊಡೆದರು. "ಹ್ಯಾಪಿ ರಿಪಬ್ಲಿಕ್ ಡೇ, ಮೇಡಂ." ನಲವತ್ತು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲವಂತೆ. ಫಿಲೊಮೆನಾ ಕಣ್ಣೊರೆಸಿಕೊಂಡು ಅವರಿಗೆ ಒಂದು ಬುಟ್ಟಿ ತೊಗರಿಯಂಥ ಹಸಿ ಕಾಳು ಕೊಟ್ಟಳು.

ಆದರೆ ಸಂಜೆ ಧ್ವಜ ಇಳಿಸಲು ಯಾರೂ ಬರಲಿಲ್ಲ. ದಾನಪ್ಪ ಕಟ್ಟೆಯ ಮೇಲೆ ಕಾದು ಕೂತರು. ಅಲ್ಲಿ ಜೂನಿನ ಸೂರ್ಯ ಒಂಬತ್ತರ ತನಕ ಮುಳುಗುವುದಿಲ್ಲ. ಮುಳುಗಿತು. ಧ್ವಜ ಅಲ್ಲೇ ಇತ್ತು. ಮೇಲಿನ ಮನೆಯ ದೀಪ ಆರಿತ್ತು. ದಾನಪ್ಪ ಎದ್ದು ಧ್ವಜವನ್ನು ವಿಧಿಪ್ರಕಾರ ಇಳಿಸಿ, ಒಳಗೆ ತಂದು, ಇಸ್ತ್ರಿ ಹೊಡೆದು, ಮಡಿಚಿ ಇಟ್ಟರು. ಮರುದಿನ ಕೊಡಬೇಕೆಂದಿದ್ದರು. ಬೆಳಿಗ್ಗೆ ನೋಡಿದರೆ ರಾಷ್ಟ್ರೀಯ ದಿನ ಮುಗಿದಿತ್ತು. ಮುಗಿದ ಮೇಲೆ ಕೊಟ್ಟರೆ, ನೀ ಮರೆತೆ ಎಂದು ಮುಖದ ಮೇಲೆ ಹೇಳಿದ ಹಾಗೆ. ಮುಂದಿನ ಕೆಂಪಂಕಿ ಯಾವಾಗ ಎಂದು ಕ್ಯಾಲೆಂಡರ್ ಮಗುಚಿದರು. ಆಗಸ್ಟ್ ಹದಿನೈದು! ಇಟಲಿಯವರ ಸ್ವಾತಂತ್ರ್ಯವೂ ಅದೇ ದಿನ. ಆವತ್ತು ಬೆಳಿಗ್ಗೆ ಗೌರವದಿಂದ ಒಪ್ಪಿಸಿದರಾಯಿತು.

ಆ ವಾರ ಓಣಿಯ ತುಂಬ ಧ್ವಜಗಳು ಎದ್ದವು. ಕಟ್ಟೆಯ ಮೇಲೆ, ಕಿಟಕಿಗೆ, ಗ್ಯಾರೇಜಿನ ಬಾಗಿಲಿಗೆ. ಎಲ್ಲ ಹಸಿರು, ಬಿಳಿ, ಕೆಂಪು. ಹಗಲೂ ಇದ್ದವು, ಕತ್ತಲಾದರೂ ಇದ್ದವು, ಮಳೆಯಲ್ಲೂ ಇದ್ದವು.

"ಗಣರಾಜ್ಯ ದಿನ ಮುಗದು ವಾರ ಆತು," ಎಂದರು ದಾನಪ್ಪ ಊಟಕ್ಕೆ ಕೂತು. "ಒಬ್ಬರಿಗಾದ್ರೂ ಇಳಸೂ ಖಬರು ಐತೇನು?"

"ಮಂದಿ ಧ್ವಜ ತಗೊಂಡು ನಿಮಗೇನು ಮಾಡೂದೈತಿ? ಪಲ್ಯ ಹಾಕ್ಕೋರಿ," ಎಂದಳು ಗುರುಬಸವ್ವ.

"ಕಾರಿಗೂ ಕಟ್ಯಾರ. ಕಾರಿಗೆ ಕಟ್ಟೂ ಅಧಿಕಾರ ಮಂತ್ರಿಗಳಿಗಷ್ಟ ಇರೂದು. ಈ ಓಣ್ಯಾಗ ಇಷ್ಟು ಮಂದಿ ಮಂತ್ರಿಗಳು?"

ಸೌಮ್ಯಾ ಮಗಳ ತಟ್ಟೆಗೆ ಪಲ್ಯ ಬಡಿಸಿದಳು. ಆಕೆ ಆಫೀಸಿನಲ್ಲಿ ದಿನವಿಡೀ ಫುಟ್ಬಾಲ್ ವಿಶ್ವಕಪ್ಪಿನ ಸುದ್ದಿ ಕೇಳಿ ಬಂದಿದ್ದಳು. ಮಾವನಿಗೆ ಅದು ಗೊತ್ತಿಲ್ಲವೆಂದು ಆಕೆಗೆ ಹೊಳೆಯಲಿಲ್ಲ.

ಅಂದಿನಿಂದ ದಾನಪ್ಪ ಊಟವಾದ ಮೇಲೆ ಕೈಚೀಲ ಹಿಡಿದು ಅಡ್ಡಾಡಲು ಹೋಗತೊಡಗಿದರು. ಕಾರುಗಳನ್ನು ಮುಟ್ಟಲಿಲ್ಲ. ಮಂತ್ರಿಗಳಿದ್ದರೂ ಇರಬಹುದು.

ಕೆಲವೇ ದಿನಗಳಲ್ಲಿ ಓಣಿ ಗಲಿಬಿಲಿಗೊಂಡಿತು. ಫಿಲೊಮೆನಾ ದಿನವೂ ಕಟ್ಟೆಯ ಮೇಲೆ ನಿಂತು ಶಪಿಸುತ್ತಿದ್ದಳು. ಕಾಣೆಯಾದದ್ದು ಆಕೆಯ ಗಂಡ ರೊಕ್ಕೊ ಊರಿಂದ ತಂದ ಧ್ವಜವಂತೆ. ಗುಮಾನಿ ಮೂಲೆಮನೆಯ ಪೋರ್ಚುಗೀಸರ ಮೇಲೆ ಬಿತ್ತು. ಜೂನ್ ಹತ್ತು ಪೋರ್ಚುಗಲ್ಲಿನ ರಾಷ್ಟ್ರೀಯ ದಿನವೆಂದು ಅವರು ಮಂಚದ ಹೊದಿಕೆಯಷ್ಟು ದೊಡ್ಡ ಧ್ವಜ ಹಾರಿಸಿದ್ದರು. ಮೂರನೆಯ ದಿನ ಅದೂ ಕಾಣೆಯಾಯಿತು. ಆಮೇಲೆ ಯಾರನ್ನು ಸಂಶಯಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

"ಪಾಪ, ಮ್ಯಾಲಿನಾಕಿ ಗಂಡನ ಧ್ವಜ ಕಳದೈತಂತ್ರಿ," ಎಂದಳು ಸೌಮ್ಯಾ ಒಂದು ಸಂಜೆ.

"ಕಳದಿರಾಂಗಿಲ್ಲ," ಎಂದರು ದಾನಪ್ಪ. "ಎಲ್ಲೋ ಛಲೋ ಜಾಗಾದಾಗ ಇರ್ತೈತಿ."

ಜೂನ್ ಕೊನೆಯ ಭಾನುವಾರ ಸೌಮ್ಯಾ ಒನಕೆಯಂಥ ಕೋಲಿನಿಂದ ಚಪಾತಿ ಲಟ್ಟಿಸುತ್ತಿದ್ದಾಗ ಅದರ ತುದಿ ತಾಗಿ ತಲೆಯ ಮೇಲಿನ ಟ್ಯೂಬ್‌ಲೈಟ್ ಒಡೆಯಿತು. ಹಿಟ್ಟಿನ ತುಂಬ ಗಾಜು. ಸೌಮ್ಯಾ ಕೈ ತೊಳೆದುಕೊಂಡು ಹೋಗಿ ಮಂಚದ ಕೆಳಗಿನ ಸೂಟ್‌ಕೇಸನ್ನು ದರದರ ಎಳೆದಳು.

"ಏ, ಏನ ಮಾಡ್ತಿ?" ಎಂದು ಗುರುಬಸವ್ವ ಹಿಂದೆಯೇ ಬಂದಳು.

"ಲಟ್ಟಣಗಿ ತಗೀತೀನ್ರಿ."

"ಕಟ್ಟಿದ್ದ ಬಿಚ್ಚಬ್ಯಾಡ, ಶಕುನ ಛಲೋ ಅಲ್ಲ."

ಸೌಮ್ಯಾ ಕುಕ್ಕರ್ ಎತ್ತಿದಳು. ಹಂಚು ಎತ್ತಿದಳು. ಕೆಳಗೆ ಹಸಿರು, ಬಿಳಿ, ಕೆಂಪು. ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಿಸಿ, ಮೈಸೂರು ಪಾಕಿನ ಹಾಗೆ ಮಡಿಚಿಟ್ಟ ಧ್ವಜಗಳು. ತಳದಲ್ಲಿ ಪೋರ್ಚುಗಲ್.

ನೀರಜಾ ಇಣುಕಿದಳು. "ವಾವ್, ಅಜ್ಜಾ! ಯೂ ಸ್ಟೋಲ್ ಎವ್ರಿಬಡಿ!"

"ಏನಂತಾಳ ಕೂಸು?" ಎಂದರು ದಾನಪ್ಪ ಬಾಗಿಲಲ್ಲಿ ನಿಂತು.

"ಕದ್ದೀರಿ ಅಂತಾಳ್ರಿ!" ಸೌಮ್ಯಾಳ ಧ್ವನಿ ಮೇಲೇರಿತು. "ಮಾವಾರ, ಏನ್ರಿ ಇವು? ಇಡೀ ಓಣಿ ಹುಡಕಾಕ ಹತ್ತೈತಿ. ಆ ಮುದುಕಿ ದಿನಾ ಅಳತಾಳ. ಪೋರ್ಚುಗೀಸರ ಮನಿಯವರ ಕೂಡ ಜಗಳಾ ಆಗೈತಿ!"

"ಕದಿಯೂದೇನು ಬಂತು? ಇಳಸೀನಿ. ಹೊತ್ತ ಮುಳಗಿದ ಮ್ಯಾಲೆ ಧ್ವಜ ಹೊರಗ ಬಿಡಬಾರದು."

"ಅದು ನಮ್ಮ ದೇಶದ ನೇಮ್ರಿ!"

"ಸೂರ್ಯ ಎಲ್ಲಾ ದೇಶದಾಗೂ ಮುಳಗತಾನ."

"ಇಸ್ತ್ರಿ ಹೊಡದು ಸೂಟ್‌ಕೇಸಿನ್ಯಾಗ ಇಟ್ಟೀರಿ, ಕಸ್ಟಮ್ಸಿನವರು ತಗದ ನೋಡಿದ್ರ ಏನ್ ಹೇಳತಿದ್ರಿ? ಒಂದ ಮಾತ ನನಗ ಕೇಳಿದ್ರ ಏನಾಗತಿತ್ತು? ಈ ಮನ್ಯಾಗ ಯಾರೂ ನನಗ ಏನೂ ಕೇಳಾಂಗಿಲ್ಲ! ಧ್ವಜಾನೂ ಕೇಳಾಂಗಿಲ್ಲ, ಲಟ್ಟಣಗೀನೂ ಕೇಳಾಂಗಿಲ್ಲ!"

ಗುರುಬಸವ್ವ ಮೊದಲು ಚೇತರಿಸಿಕೊಂಡಳು. "ನವೆಂಬರದಿಂದ ಇಷ್ಟು ಮಾತು ಇಕಿ ಬಾಯಾಗ ಕೇಳಿದ್ದಿಲ್ಲ," ಎಂದಳು ಗಂಡನಿಗೆ. ಆಮೇಲೆ ಮುಖ ಅರಳಿಸಿ, "ಇರ್ಲಿ ಬಿಡು. ಈಗ ಫಿಲೊಮವ್ವ ಮನಿ ಬಿಡಸ್ತಾಳ. ಹೆಂಗೂ ಹೋಗೂದೈತಿ, ಜಲ್ದಿ ಹೋದ್ರಾತು."

ಸೌಮ್ಯಾ ಎತ್ತಿದ ಹಂಚನ್ನು ಕೆಳಗಿಟ್ಟಳು. ಅತ್ತೆ ಹೇಳಿದ್ದು ಸುಳ್ಳಲ್ಲ. ಈ ಮನೆ ಬಿಟ್ಟರೆ ಮಗುವನ್ನು ಕಟ್ಟಿಕೊಂಡು ಬೇರೆ ಮನೆ ಹುಡುಕುವ ತ್ರಾಣ ಆಕೆಗಿರಲಿಲ್ಲ. ಇರಬೇಕೋ ಹೋಗಬೇಕೋ ಎನ್ನುವುದು ಈಗ ಮೇಲಿನ ಮಹಡಿಯಲ್ಲಿತ್ತು.

ದಾನಪ್ಪ ತಾವೇ ಬರುತ್ತೇನೆಂದರು. ಬಿಳಿ ಡ್ರೆಸ್ ಹಾಕಿದರು. ಧ್ವಜಗಳನ್ನು ಗುರುಬಸವ್ವನ ರೊಟ್ಟಿ ಬುಟ್ಟಿಯಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ಫಿಲೊಮೆನಾ ಬುಟ್ಟಿಯನ್ನು ನೋಡಿದಳು. ಮೇಲಿದ್ದ ರೊಕ್ಕೊನ ಧ್ವಜವನ್ನು ಕೈಗೆತ್ತಿಕೊಂಡಳು. ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿದಳು. ಹಿಂದೆಯೇ ಬಂದ ಸೌಮ್ಯಾಳಿಗೆ ತಯಾರು ಮಾಡಿಕೊಂಡಿದ್ದ ಇಂಗ್ಲಿಷ್ ಎಲ್ಲ ಮರೆತುಹೋಯಿತು.

"ಹೂ ಐರನ್?" ಎಂದಳು ಫಿಲೊಮೆನಾ.

"ಐ, ಮೇಡಂ. ಆಫ್ಟರ್ ಸನ್‌ಸೆಟ್ ನೋ ಫ್ಲ್ಯಾಗ್, ಮೇಡಂ."

"ಮೈ ರೊಕ್ಕೊ," ಎಂದಳು ಆಕೆ ನಿಧಾನವಾಗಿ, "ಹೀ ನೆವರ್ ಐರನ್ ಒನ್ ಶರ್ಟ್."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಮುಂದೆ ನಡೆದಳು. ಹಿಂದೆ ಬುಟ್ಟಿ ಹೊತ್ತ ದಾನಪ್ಪ, ಅವರ ಹಿಂದೆ ಸೌಮ್ಯಾ, ಕೊನೆಯಲ್ಲಿ ಕುಣಿಯುತ್ತ ನೀರಜಾ. ಮನೆ ಮನೆಯ ಬಾಗಿಲು ತಟ್ಟಿದರು. ಮಾತಾಡಬೇಕಾದವಳು ಸೌಮ್ಯಾ. ಒಬ್ಬಳು ಪೊಲೀಸರನ್ನು ಕರೆಯುತ್ತೇನೆಂದಳು. "ಕರೀರಿ, ಆದರೆ ಮೊದಲು ನಿಮ್ಮದು ಯಾವುದೆಂದು ಆರಿಸಿಕೊಳ್ಳಿ, ಎಲ್ಲ ಒಂದೇ ಥರ ಇವೆ" ಎಂದು ಸೌಮ್ಯಾ ಇಂಗ್ಲಿಷಿನಲ್ಲಿ ಗದರಿದಳು. ಆಕೆ ಆರಿಸಿಕೊಂಡಳು. ಮೂಲೆಮನೆಯ ಪೋರ್ಚುಗೀಸ ಕಥೆ ಕೇಳಿ ಮೆಟ್ಟಿಲ ಮೇಲೆ ಕೂತು ನಕ್ಕು ನಕ್ಕು ಕೆಮ್ಮಿದ. ಆತ ಸೌಮ್ಯಾಳಿಗೆ, "ನಿನ್ನ ಗಂಡ ಚಳಿಗಾಲದಲ್ಲಿ ನನ್ನ ಕಾರು ಹಿಮದಿಂದ ದಬ್ಬಿದ್ದ. ಮಾವನೂ ಅಂಥವನೇ. ಕೇಳದೇ ಕೆಲಸ ಮಾಡುತ್ತಾನೆ" ಎಂದ. ಸೌಮ್ಯಾ ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದಳು. ದಾನಪ್ಪ ಬುಟ್ಟಿಯಲ್ಲಿ ಉಳಿದ ಧ್ವಜಗಳ ಅಂಚು ಸರಿಪಡಿಸಿದರು.

ಹಿಂದಿರುಗುವಾಗ ಫಿಲೊಮೆನಾ ಎರಡು ಪೆಟ್ಟು ಕೊಟ್ಟಳು. ಒಂದು, ಧ್ವಜಗಳು ಗಣರಾಜ್ಯಕ್ಕಲ್ಲ, ಫುಟ್ಬಾಲಿಗೆ. ಇನ್ನೊಂದು, ಧ್ವಜ ಒಪ್ಪಿಸಲು ಕಾದಿದ್ದೆನೆಂದು ದಾನಪ್ಪ ಹೇಳಿದ ಆಗಸ್ಟ್ ಹದಿನೈದು ಇಟಲಿಯ ಸ್ವಾತಂತ್ರ್ಯ ದಿನವಲ್ಲ, ಫೆರಾಗೊಸ್ತೊ. ಮೇರಿ ತಾಯಿ ಸ್ವರ್ಗಕ್ಕೆ ಹೋದ ದಿನ. ಜನರೆಲ್ಲ ಸಮುದ್ರಕ್ಕೆ ಹೋಗುವ ದಿನ.

"ಫ್ಲ್ಯಾಗ್?" ಎಂದರು ದಾನಪ್ಪ ಕೊನೆಯ ಆಸೆಯಿಂದ.

"ನೋ ಫ್ಲ್ಯಾಗ್."

"ಸ್ಪೀಚ್? ಮಾರ್ಚ್‌ಪಾಸ್ಟ್?"

"ಲಂಚ್," ಎಂದಳು ಫಿಲೊಮೆನಾ. "ಯೂ ಕಮ್. ಆಲ್. ಬ್ರಿಂಗ್ ಯುವರ್ ಫ್ಲ್ಯಾಗ್."

ಮನೆ ಬಿಡುವ ಮಾತು ಎಲ್ಲೂ ಬರಲಿಲ್ಲ. ಗುರುಬಸವ್ವ ಆ ರಾತ್ರಿ ಸಾರಿಗೆ ಉಪ್ಪು ಹಾಕಲು ಮರೆತಳು. ಆದರೂ ಲಟ್ಟಣಿಗೆ ಸಮೇತ ಎಲ್ಲವನ್ನೂ ಮತ್ತೆ ಸೂಟ್‌ಕೇಸಿಗೆ ಸೇರಿಸಿದಳು.

ದಾನಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಚಂಡಾಟಕ್ಕ ರಾಷ್ಟ್ರಧ್ವಜ," ಎಂದು ಗೋಡೆಗೆ ಹೇಳುತ್ತಿದ್ದರು. "ರಾಷ್ಟ್ರೀಯ ಸೂಟಿಗೆ ಬರೇ ಊಟ. ಇಂಥಾ ದೇಶ ನಡಿಯೂದರ ಹೆಂಗ?" ಜುಲೈಯಲ್ಲಿ ಇಟಲಿ ಕಪ್ ಗೆದ್ದ ಸಂಜೆ ಓಣಿಯ ತುಂಬ ಹಾರ್ನು, ಡಬ್ಬಿ, ಪಾತ್ರೆಗಳ ಸದ್ದು. ಗುರುಬಸವ್ವ ಸೂಟ್‌ಕೇಸಿನಿಂದ ಹಂಚು ತೆಗೆದು ಸೌಟಿನಿಂದ ಬಾರಿಸಿ ಬಂದಳು. ದಾನಪ್ಪ ಹೊರಗೆ ಬರಲಿಲ್ಲ.

ಆಗಸ್ಟ್ ಹದಿನೈದರಂದು ಟೈಲ್ಸ್ ಆಫೀಸಿಗೂ ರಜೆ. ಯಜಮಾನ ಕಲಾಬ್ರಿಯಾದವನು. ಹಿತ್ತಲಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಉದ್ದ ಮೇಜು. ಒಂದು ಕಡೆ ಫಿಲೊಮೆನಾ ಹಿಂದಿನ ದಿನವೇ ಮಾಡಿಟ್ಟ ಬದನೆಕಾಯಿ, ಇನ್ನೊಂದು ಕಡೆ ಗುರುಬಸವ್ವ ಹಿಂದಿನ ದಿನವೇ ಮಾಡಿಟ್ಟ ಎಣಗಾಯಿ. ಇಬ್ಬರೂ ಮತ್ತೊಬ್ಬರದನ್ನು ಚಮಚೆಯ ತುದಿಯಲ್ಲಿ ರುಚಿ ನೋಡಿ, ತಲೆ ಆಡಿಸಿ, ತಮ್ಮದನ್ನೇ ಬಡಿಸಿಕೊಂಡರು.

ದಾನಪ್ಪ ತಮ್ಮ ಖಾದಿ ಧ್ವಜ ತೆಗೆದರು. ಹುರುಳಿಕಾಯಿ ಬಳ್ಳಿ ಹಬ್ಬಿಸುವ ಗಳುಗಳನ್ನು ಜೋಡಿಸಿ ಕಂಬ ಮಾಡಿದ್ದರು. ಧ್ವಜದ ಮಡಿಕೆಯೊಳಗೆ ಇಡಲು ಹೂವು ಇರಲಿಲ್ಲ. ಫಿಲೊಮೆನಾ ಕುಂಬಳದ ಜಾತಿಯ ಹಳದಿ ಹೂಗಳನ್ನು ಕಿತ್ತು ಕೊಟ್ಟಳು. ಗಂಟು ಹಾಕಲು ಹೋದಾಗ ದಾನಪ್ಪನವರ ಕೈಯಿಂದ ಹಗ್ಗ ಎರಡು ಸಲ ಜಾರಿತು.

"ಸೌಮ್ಯಾ, ನೀ ಹಾಕು. ನಾ ಹೇಳತೀನಿ."

ಸೌಮ್ಯಾ ಹಾಕಿದಳು. ಬಿಚ್ಚಿ ಬಿದ್ದೀತೆಂದು ಹೆದರಿ ಚೆನ್ನಾಗಿ ಬಿಗಿದಳು.

ಫಿಲೊಮೆನಾ ಮುಖ್ಯ ಅತಿಥಿ. ಹಗ್ಗ ಜಗ್ಗಿದಳು. ಏನೂ ಆಗಲಿಲ್ಲ. ಮತ್ತೆ ಜಗ್ಗಿದಳು. ಕಂಬ ಟೊಮೆಟೊ ಗಿಡಗಳ ಕಡೆ ಬಾಗಿತು.

"ತಹಶೀಲ್ದಾರರ ಕಂಬ ಹಿಂಗ ಬಾಗಿದ್ದು," ಎಂದಳು ಗುರುಬಸವ್ವ ತೃಪ್ತಿಯಿಂದ.

"ಇಳಿಸಿ ಬಿಚ್ಚೂಣೇನ್ರಿ ಮಾವಾರ?"

"ಏರಿಸಿದ ಧ್ವಜ ಬಿಚ್ಚದ ಇಳಸಬಾರದು!"

ಸೌಮ್ಯಾ ಒಳಗೆ ಓಡಿದಳು. ಒನಕೆಯಂಥ ಆ ಕೋಲು ತಂದಳು. ದ್ರಾಕ್ಷಿಯ ಪೆಟ್ಟಿಗೆ ಹತ್ತಿ, ತುದಿಗಾಲ ಮೇಲೆ ನಿಂತು, ಗಂಟಿಗೆ ಕೆಳಗಿನಿಂದ ಒಂದು ಕೊಟ್ಟಳು. ಧ್ವಜ ಬಿಚ್ಚಿಕೊಂಡಿತು. ಹಳದಿ ಹೂಗಳು ಎರಡೂ ಬದನೆಕಾಯಿಗಳ ಮೇಲೆ ಸಮನಾಗಿ ಬಿದ್ದವು. ದಾನಪ್ಪ ಸೆಲ್ಯೂಟ್ ಹೊಡೆದು ರಾಷ್ಟ್ರಗೀತೆ ಎತ್ತಿದರು. ಗೀತೆಯ ಪದಗಳು ಬಾರದ ನೀರಜಾ ಶಾಲೆಯಲ್ಲಿ ಕೆನಡಾದ ಗೀತೆಗೆ ನಿಲ್ಲುವ ಹಾಗೆ ನೆಟ್ಟಗೆ ನಿಂತಳು. ಬೇಲಿಯಾಚೆ ಪೋರ್ಚುಗೀಸ ಟೋಪಿ ತೆಗೆದ.

ಹೊತ್ತು ಮುಳುಗುವಾಗ ದಾನಪ್ಪ, ಸೌಮ್ಯಾ ಇಬ್ಬರೇ ಧ್ವಜ ಇಳಿಸಿ ಮಡಿಚಿದರು. ಗುರುಬಸವ್ವ ತಟ್ಟೆ ಎತ್ತಲು ಹೋಗಿ ಫಿಲೊಮೆನಾಳಿಂದ ಗದರಿಸಿಕೊಂಡು ಸುಮ್ಮನೆ ಕೂತಿದ್ದಳು. ಮಡಿಚಿದ ಧ್ವಜವನ್ನು ದಾನಪ್ಪ ಚೀಲಕ್ಕೆ ಹಾಕಲಿಲ್ಲ. ಸೊಸೆಯ ಕೈಯಲ್ಲಿಟ್ಟರು.

"ಇದನ್ನ ನಿನ್ನ ಹಂತೇಕ ಇಟ್ಗೋ. ಮುಂದಿನ ವರ್ಷ ಗಂಟು ಸ್ವಲ್ಪ ಸಡ್ಲ ಹಾಕು."

"ಮುಂದಿನ ವರ್ಷ ಇಕಿ ಧಾರವಾಡದಾಗ ಇರ್ತಾಳಲ್ರಿ," ಎಂದಳು ಗುರುಬಸವ್ವ.

"ಧಾರವಾಡದಾಗ ಧ್ವಜ ಏರಸಾಕ ಮಂದಿ ಭಾಳ ಅದಾರ. ಇಲ್ಲಿ ಯಾರದಾರ?"

ಗುರುಬಸವ್ವ ಗಂಡನನ್ನು ನೋಡಿದಳು, ಧ್ವಜವನ್ನು ನೋಡಿದಳು, ಕೊನೆಗೆ ಸೊಸೆಯನ್ನು ನೋಡಿದಳು.

"ನೀ ಏನಂತಿ?"

"ಇಲ್ಲೇ ಇರ್ತೀನ್ರಿ ಅತ್ತಿ."

"ಇಷ್ಟ ಹೇಳಾಕ ಏಪ್ರಿಲಿಂದ ಆಗಸ್ಟ್ ಬೇಕಾತೇನು?"

"ಈಗ ಕೇಳಿದ್ರಿ."

ಗುರುಬಸವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಎದ್ದು, ಯಾರ ಮಾತಿಗೂ ಕಾಯದೆ, ದಡದಡ ಕೆಳಗಿಳಿದಳು. ಸೂಟ್‌ಕೇಸ್ ಎಳೆದ ಸದ್ದು ಬಂತು. ಕುಕ್ಕರ್ ಮುಚ್ಚಳ ನೆಲಕ್ಕೆ ಬಿದ್ದ ಸದ್ದು ಬಂತು. ಮೇಲಿನ ಅಡುಗೆಮನೆಯಿಂದ ಫಿಲೊಮೆನಾ ಚಪ್ಪಲಿಯಲ್ಲಿ ನೆಲ ಬಡಿದಳು.

"ಫೆರಾಗೊಸ್ತೊ! ನೋ ವರ್ಕ್!"

"ಇಕಿ ಸೂಟಿ ಇನ್ನೂ ಮುಗದಿಲ್ಲೇನು!" ಎಂದು ಗುರುಬಸವ್ವ ಕೆಳಗಿನಿಂದ ಕೂಗಿದಳು. ಆದರೆ ಸದ್ದು ನಿಂತಿತು.

ಮರುದಿನ ಕ್ಯಾಲೆಂಡರಿನಲ್ಲಿ ಕಪ್ಪಂಕಿ. ಸೌಮ್ಯಾ ಏಳುವ ಹೊತ್ತಿಗೆ ವಾಷಿಂಗ್ ಮಷಿನ್ ತಿರುಗುತ್ತಿತ್ತು. ಲಟ್ಟಣಿಗೆ ತನ್ನ ಜಾಗದಲ್ಲಿತ್ತು.